ನಾನು ಕಟ್ಟಿದೆ ಅಂದುಕೊಂಡ ಕಥೆ

ಸೈಕಲ್ ಅಂಗಡಿಯ ಮೇಲಿನ ಕೋಣೆ
ಮಾರ್ಚ್ ೧೪, ಗುರುವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯೋ? ಚಳಿ ಶುರುವಾದರೆ ನಿನಗೆ ಎದೆ ಕಟ್ಟುತ್ತಿತ್ತು, ಈಗಲೂ ಹಾಗೇನಾ? ನೀರಿನ ಮೇಲೆಯೇ ಓಡಾಡುವ ಕೆಲಸ ಅಂತ ಕೇಳಿದೆ. ಗಾಳಿಗೆ ಕಿವಿ ಮುಚ್ಚಿಕೊಳ್ಳುತ್ತೀಯ ತಾನೆ? ಹನ್ನೊಂದು ವರ್ಷದ ಮೇಲೆ ಕೇಳುವ ಮಾತು ಇದಲ್ಲ, ಗೊತ್ತು. ಆದರೆ ಕಾಗದ ಅಂದರೆ ಮೊದಲು ಆರೋಗ್ಯ, ಆಮೇಲೆ ಸುದ್ದಿ ಅಂತ ಅಪ್ಪ ಕಲಿಸಿದ ಅಭ್ಯಾಸ ಕೈ ಬಿಡುವುದಿಲ್ಲ. ನಾನು ಚೆನ್ನಾಗಿದ್ದೇನೆ. ಮುಂದಿನ ಕೂದಲೆಲ್ಲ ಹೋಗಿದೆ. ಅಮ್ಮನ ಎಡಗಣ್ಣಿನ ಪೊರೆಯನ್ನು ಈಚೆಗೆ ತೆಗೆಸಿದೆವು. ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತು ವರ್ಷ ಗಾಜು ಉಜ್ಜಿದ ಮಗನಿಗೆ ಹೆತ್ತವಳ ಕಣ್ಣಲ್ಲಿ ಪೊರೆ ಬೆಳೆದದ್ದು ಕಾಣಲಿಲ್ಲ ಅಂತ ಡಾಕ್ಟರ ಎದುರಿಗೇ ನನ್ನ ಮಾನ ಹರಾಜು ಹಾಕಿದಳು. ಅಂದರೆ ಗಟ್ಟಿಯಾಗಿದ್ದಾಳೆ ಅಂತಲೇ ಅರ್ಥ.

ಇದನ್ನು ನಿನ್ನ ಕಿಟಕಿಯ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ನೀನು ಬಿಟ್ಟ ಮೇಲೆ ಈ ಕೋಣೆಗೆ ಬೇರೆ ಯಾರೂ ಬರಲಿಲ್ಲವಂತೆ, ಈಗ ಹಳೆಯ ಟೈರುಗಳು ವಾಸವಾಗಿವೆ. ಸೈಕಲ್ ಅಂಗಡಿಯವರು ಒಂದು ಸ್ಟೂಲು, ಒಂದು ಲೋಟ ಚಹಾ ಕೊಟ್ಟು ಕೆಳಗಿಳಿದು ಹೋದರು. ನಾನು ಇಲ್ಲಿಗೆ ಹೇಗೆ ಬಂದೆ ಅಂತ ನಿನಗೆ ಮೊದಲಿನಿಂದ ಹೇಳಬೇಕು. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನನಗೆ ಎಷ್ಟು ಗೊತ್ತಿತ್ತು, ಎಷ್ಟು ಗೊತ್ತಿರಲಿಲ್ಲ ಅನ್ನುವುದು ನಿನಗೆ ತಿಳಿಯಲಿ ಅಂತ.

ಮಾತಾಡುವಾಗ ನೀನು ತೊದಲುತ್ತಿದ್ದೆ, ಕಥೆ ಹೇಳುವಾಗ ತೊದಲುತ್ತಿರಲಿಲ್ಲ. 'ಒಬ್ಬ ಇದ್ದ' ಅಂತ ಶುರು ಮಾಡಿದರೆ ಸಾಕು, ನಿನ್ನ ನಾಲಿಗೆಯ ಗಂಟು ಬಿಚ್ಚಿಕೊಳ್ಳುತ್ತಿತ್ತು. ಹಾಗಾಗಿ ನೇರವಾಗಿ ಹೇಳಲಾಗದ್ದನ್ನೆಲ್ಲ ಕಥೆ ಮಾಡಿ ಹೇಳುತ್ತಿದ್ದೆ. ಲೆಕ್ಕದಲ್ಲಿ ಫೇಲಾದಾಗ ಮೂರು ಕಾಲಿನ ಕುದುರೆಯೊಂದು ಓಟಕ್ಕೆ ಹೋದ ಕಥೆ ಹೇಳಿದೆ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣೊರೆಸಿಕೊಂಡು, ಆಮೇಲೆ ಮಾರ್ಕ್ಸ್ ಕಾರ್ಡು ತಾ ಅಂದರು. ಮನೆಯಲ್ಲಿ ಎಲ್ಲರಿಗೂ ಈ ಗುಟ್ಟು ಗೊತ್ತಿತ್ತು. ಗುಬ್ಬಿ ಕಥೆ ಹೇಳಿದರೆ ಒಳಗೆ ಏನೋ ಇದೆ ಅಂತ. ಗೊತ್ತಿದ್ದೂ ಮರೆತೆವು, ಅಷ್ಟೆ.

ನನ್ನದು ಬೇರೆ ಕಾಯಿಲೆ. ಗಾಜು ಉಜ್ಜುವ ಚಕ್ರದ ಮುಂದೆ ಕೂತರೆ ತಲೆಯೊಳಗೆ ಕಥೆ ಕಟ್ಟಲು ಶುರುವಾಗುತ್ತದೆ. ಕೈಯ ತುಂಬ ನೀರು, ನೀರಿನ ತುಂಬ ಬಿಳಿ ಹುಡಿ. ಒಳ್ಳೆಯ ಸಾಲೊಂದು ಹೊಳೆದರೆ ಪೆನ್ನು ಮುಟ್ಟುವಂತಿಲ್ಲ. ಕೈ ತೊಳೆದು ಒರೆಸಿಕೊಳ್ಳುವಷ್ಟರಲ್ಲಿ ಅದು ಆರಿಹೋಗಿರುತ್ತದೆ. ಏನೋ ಇತ್ತು ಅನ್ನುವುದು ಮಾತ್ರ ಉಳಿದು, ಇಡೀ ದಿನ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಕಾಡುತ್ತದೆ. ಎಷ್ಟು ಕಥೆಗಳು ಆ ಬಿಳಿ ನೀರಿನ ಜೊತೆ ಮೋರಿಗೆ ಹೋದವೋ! ಅದಕ್ಕೇ ಸಾಲಿನ ಮೊದಲ ಪದ, ಕೊನೆಯ ಪದ ಎರಡನ್ನೂ ಬಾಯಲ್ಲಿ ಜಪ ಮಾಡುತ್ತ, ಗಾಜು ತುಂಬಿ ಬರುವ ಪುಟ್ಟ ಲಕೋಟೆಯೊಂದು ಸಿಗುವ ತನಕ ಯಾರ ಮುಖವನ್ನೂ ನೋಡದೆ ನಡೆಯುತ್ತಿದ್ದೆ. 'ಅಮ್ಮಾ, ಅಣ್ಣನ್ನ ಮಾತಾಡಿಸ್ಬೇಡ, ಹಿಡೀತಾ ಇದಾನೆ' ಅಂತ ನೀನೇ ಹೇಳುತ್ತಿದ್ದೆ, ನಾನೇನೋ ಮೀನು ಹಿಡಿಯುವವನ ಹಾಗೆ. ಆ ಮಾತು ಹೇಳುವಾಗಲೂ ನಾಲ್ಕು ಕಡೆ ತೊದಲುತ್ತಿದ್ದೆ.

ಅಪ್ಪ ಹೋದ ಮೇಲೆ ನಿನ್ನನ್ನು ನಾನಿದ್ದ ಕನ್ನಡಕದ ಅಂಗಡಿಯ ಕೌಂಟರಿಗೆ ಸೇರಿಸಿದ್ದು ನಾನು. ಗಿರಾಕಿಗಳ ಜೊತೆ ಮಾತಾಡಿ ಆಡಿ ತೊದಲು ತಾನಾಗಿ ಹೋಗುತ್ತದೆ ಅಂತ ನನ್ನ ಲೆಕ್ಕ. ಒಂದು ದಿನ ಒಬ್ಬ ಗಿರಾಕಿ ನಿನ್ನ ಹಾಗೆಯೇ ಮಾತಾಡಿ ತೋರಿಸಿದ. ಯಜಮಾನರು ನಕ್ಕರು, ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ಒಳಗಿನ ಕೋಣೆಯಲ್ಲಿದ್ದೆನಲ್ಲ, ನಿನಗೆ ಕಂಡಿರಲಿಕ್ಕಿಲ್ಲ ಅಂತ ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡು ಬಂದೆ. ನಮ್ಮಿಬ್ಬರ ನಡುವೆ ಇದ್ದದ್ದು ಗಾಜಿನ ಬಾಗಿಲು.

ಅದಾಗಿ ಮೂರು ವಾರಕ್ಕೆ ನೀನು ಹೋದೆ. ಹೋಗುವ ಹಿಂದಿನ ಸಂಜೆ ನಾನು ಕೆಲಸ ಮುಗಿಸಿ ಬರುವಾಗ ದಾರಿಯಲ್ಲಿ ಒಂದು ಸಾಲು ಹೊಳೆದಿತ್ತು. ಚಪ್ಪಲಿಯನ್ನೂ ಬಿಚ್ಚದೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಲಕೋಟೆಯ ಹಿಂಬದಿಗೆ ಬರೆಯತೊಡಗಿದೆ. ಒಂದು ಸಾಲು ಸಿಕ್ಕಿದರೆ ಅದರ ಬಾಲ ಹಿಡಿದು ಇನ್ನೊಂದು ಬರುತ್ತದೆ ಅಂತ ಕಾದೆ. ನೀನು ಕುರ್ಚಿಯ ಹಿಂದೆ ಬಂದು ನಿಂತದ್ದು ನೆನಪಿದೆ. ಏನೋ ಹೇಳುತ್ತಿದ್ದದ್ದೂ ನೆನಪಿದೆ. ಏನು ಅಂತ ನೆನಪಿರಲಿಲ್ಲ. ಬೆಳಿಗ್ಗೆ ಎದ್ದಾಗ ನಿನ್ನ ಹಾಸಿಗೆ ಮಡಿಸಿಟ್ಟಿತ್ತು. ಆಸ್ಪತ್ರೆ, ಪೊಲೀಸ್ ಸ್ಟೇಷನ್, ಬಸ್ ನಿಲ್ದಾಣ, ನೆಂಟರ ಮನೆ, ನಿನಗೆ ಮಾತು ತಿದ್ದುತ್ತಿದ್ದ ಮೇಷ್ಟ್ರ ಮನೆ, ಎಲ್ಲ ಕಡೆ ಹುಡುಕಿದೆವು. ಅಮ್ಮ ಎರಡು ವರ್ಷ ಬಾಗಿಲಿಗೆ ಅಗುಳಿ ಹಾಕಲು ಬಿಡಲಿಲ್ಲ.

ಆ ಲಕೋಟೆ ನನ್ನ ಹತ್ತಿರ ಇದೆ. ಮುಂಬದಿಗೆ ಯಾರದೋ ಕಣ್ಣಿನ ನಂಬರು, ಅವತ್ತಿನ ತಾರೀಖು. ಹಿಂಬದಿಗೆ ನಾನು ಹಿಡಿದ ಸಾಲು: 'ಬೆಳಕು ಗಾಜಿನೊಳಗೆ ಸುಸ್ತಾಗಿ ಕೂತಿತ್ತು.' ಇಷ್ಟೇ. ಬೇರೇನೂ ಬರಲಿಲ್ಲ. ಹನ್ನೊಂದು ವರ್ಷದಲ್ಲಿ ನಾನು ಬರೆದ ಯಾವ ಕಥೆಯಲ್ಲೂ ಈ ಸಾಲಿಗೆ ಜಾಗ ಸಿಗಲಿಲ್ಲ.

ನೀನು ಹೋದ ಐದನೆಯ ವರ್ಷ ಒಂದು ಕಥೆ ಬರತೊಡಗಿತು. ಒಬ್ಬ ಇದ್ದ. ಒಂದು ಪಾರ್ಸೆಲ್ ತಲುಪಿಸಲು ನದಿ ಸಮುದ್ರಕ್ಕೆ ಸೇರುವ ಊರಿಗೆ ಹೋದ. ಅಲ್ಲಿ ದೋಣಿ ಕಟ್ಟುವ ಕಾರ್ಖಾನೆ. ಗರಗಸದ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸದೆ ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು. ಇದೇ ನನ್ನ ಊರು ಅಂತ ಅವನಿಗೆ ಅನ್ನಿಸಿತು. ಕಿವಿ ಮಂದವಿರುವ ಸೈಕಲ್ ಅಂಗಡಿಯವನ ಮಹಡಿಯಲ್ಲಿ ಕೋಣೆ ಹಿಡಿದ. ಹೊರಗಿನಿಂದ ಕಬ್ಬಿಣದ ಮೆಟ್ಟಿಲು, ಹದಿನೇಳು, ಅದರಲ್ಲಿ ಒಂಬತ್ತನೆಯದು ಸಡಿಲ. ಪ್ರತಿ ಭಾನುವಾರ ಬೆಳಿಗ್ಗೆ ನದಿ ದಾಟಿಸುವ ಲಾಂಚು ಬರುವ ಕಟ್ಟೆಗೆ ಹೋಗಿ ನಿಲ್ಲುತ್ತಿದ್ದ, ಅಣ್ಣ ಬರುತ್ತಾನೆ ಅಂತ.

ಬೇರೆ ಕಥೆಗಳೆಲ್ಲ ಕೈ ಒರೆಸಿಕೊಳ್ಳುವಷ್ಟರಲ್ಲಿ ಓಡಿಹೋದರೆ, ಇದೊಂದು ಮಾತ್ರ ಹೋಗುತ್ತಿರಲಿಲ್ಲ. ನಿಧಾನವಾಗಿ ಕೈ ತೊಳೆದು, ಊಟ ಮುಗಿಸಿ ಬಂದರೂ ಅಲ್ಲೇ ನಿಂತಿರುತ್ತಿತ್ತು. ಒಂದು ಪದವನ್ನೂ ನಾನು ಹುಡುಕಲಿಲ್ಲ ಗುಬ್ಬಿ. ಯಾರೋ ಬೆನ್ನ ಹಿಂದೆ ನಿಂತು, ಎಲ್ಲೂ ತಡೆಯದೆ, ಸರಾಗವಾಗಿ ಹೇಳಿದ ಹಾಗೆ. ಎಷ್ಟೋ ಸಲ ಚಕ್ರ ನಿಲ್ಲಿಸಿ ತಿರುಗಿ ನೋಡಿದ್ದೇನೆ. ಗೋಡೆಯ ಮೊಳೆಯಲ್ಲಿ ನನ್ನದೇ ಅಂಗಿ ನೇತಾಡುತ್ತಿರುತ್ತಿತ್ತು. ಹೆದರಿಕೆಯಾಗುತ್ತಿತ್ತು, ಆದರೂ ಒಳಗೊಳಗೇ ಹೆಮ್ಮೆ. ಇಷ್ಟು ವರ್ಷದ ಮೇಲೆ ಕೈ ಪಳಗಿತು ಅಂದುಕೊಂಡೆ. ಕೊನೆ ಮಾತ್ರ ಬರಲಿಲ್ಲ. ಲಾಂಚಿನ ಕಟ್ಟೆಗೆ ಬಂದು ಕಥೆ ನಿಂತುಬಿಡುತ್ತಿತ್ತು. ಕಾದೂ ಕಾದೂ, ಕಡೆಗೆ ಈ ವರ್ಷ ಕೊನೆಯನ್ನು ನಾನೇ ಬರೆದೆ: ಅಣ್ಣ ಬರುವುದಿಲ್ಲ. ಹಾಗೆ ಮುಗಿಸಿದರೆ ಓದುವವರ ಎದೆಗೆ ತಾಗುತ್ತದೆ ಅಂತ ಲೆಕ್ಕ ಹಾಕಿ ಬರೆದೆ.

ಹೋದ ಭಾನುವಾರ ಬೆಳಿಗ್ಗೆ ಅದನ್ನು ಅಮ್ಮನಿಗೆ ಓದಿ ಹೇಳಿದೆ. ಕಣ್ಣಿಗೆ ಪಟ್ಟಿ ಇದ್ದುದರಿಂದ ಅವಳು ಕೈಯ ಅಂದಾಜಿನಲ್ಲೇ ಬಟ್ಟೆ ಮಡಿಸುತ್ತ ಕೇಳುತ್ತಿದ್ದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ ಕಿವಿಯಲ್ಲೇ ಬದುಕಿದವಳು. ಉಸಿರು ಕೇಳಿ ಇಂಥವರೇ ಅಂತ ಹೇಳುತ್ತಿದ್ದದ್ದು ನಿನಗೆ ಗೊತ್ತಲ್ಲ. ಒಂಬತ್ತನೆಯ ಮೆಟ್ಟಿಲು ಬಂದಾಗ ಅವಳ ಕೈ ನಿಂತಿತು. 'ಮತ್ತೆ ಓದು' ಅಂದಳು. ಓದಿದೆ. 'ಇದು ನೀನು ಕಟ್ಟಿದ್ದಲ್ಲ ಕಣೋ. ಅವನು ಹೇಳಿದ್ದು. ನೀನು ಕಿಟಕಿ ಹತ್ರ ಬರೀತಾ ಕೂತಿದ್ದೆ, ಅವನು ನಿನ್ನ ಹಿಂದೆ ನಿಂತಿದ್ದ. ನಾನು ಒಳಗೆ ಪಾತ್ರೆ ತೊಳೀತಿದ್ದೆ. ಒಂದು ಕಡೇನೂ ತೊದಲಲಿಲ್ಲ, ಅದಕ್ಕೇ ಸುಮ್ನೆ ಕಥೆ ಅಂದ್ಕೊಂಡೆ.' ಆಮೇಲೆ ಮಡಿಸಿದ ಬಟ್ಟೆಯಲ್ಲೇ ಮುಖ ಒತ್ತಿಕೊಂಡು, 'ಮನೆ ಬಿಟ್ಟು ಹೋಗೋರು ಹಾಗೆ ಹೇಳ್ತಾರಾ? ಹಾಗೆ ಯಾರಾದ್ರೂ ಹೇಳ್ತಾರಾ?' ಅಂತ ಅತ್ತಳು. ಪಟ್ಟಿ ಒದ್ದೆ ಮಾಡಬಾರದು ಅಂತ ಡಾಕ್ಟರು ಹೇಳಿದ್ದರು.

ಮಾರನೆಯ ದಿನ ಅಂಗಡಿಯ ಹಳೆಯ ಪಾರ್ಸೆಲ್ ಪುಸ್ತಕ ತೆಗೆಸಿದೆ. ನೀನು ಹೋಗುವ ಹದಿನೈದು ದಿನ ಮುಂಚೆ ದೋಣಿ ಕಾರ್ಖಾನೆಯ ಬಡಗಿಗಳಿಗೆ ಮರದ ಹೊಟ್ಟು ತಡೆಯುವ ಕನ್ನಡಕ, ಎರಡು ಡಜನ್. ತಲುಪಿಸಿದವರು ಅನ್ನುವ ಕಡೆ ನಿನ್ನ ಸಹಿ. ಹನ್ನೊಂದು ವರ್ಷ ಅದು ನನ್ನ ಕುರ್ಚಿಯಿಂದ ಆರು ಹೆಜ್ಜೆ ದೂರದ ಕಪಾಟಿನಲ್ಲಿತ್ತು.

ಇವತ್ತು ಲಾಂಚಿನಿಂದ ಇಳಿದಾಗ ದೋಣಿಗೆ ಬಳಿಯುವ ಡಾಂಬರಿನ ವಾಸನೆ ಬಂತು. ಯಾರನ್ನೂ ದಾರಿ ಕೇಳಲಿಲ್ಲ. ಎಡಕ್ಕೆ ತಿರುಗು ಅಂತ ಕಾಲಿಗೇ ಗೊತ್ತಿತ್ತು. ಮೆಟ್ಟಿಲನ್ನು ಒಂದೊಂದಾಗಿ ಎಣಿಸುತ್ತ ಹತ್ತಿದೆ. ಒಂಬತ್ತನೆಯದು ಅಲುಗಿತು. ಅಲ್ಲೇ ಕೂತುಬಿಟ್ಟೆ. ಸೈಕಲ್ ಅಂಗಡಿಯವರು ಕೆಳಗಿನಿಂದ ಯಾರು ಅಂತ ಕೇಳಿದರು. ಹೇಳಿದೆ. ಕೇಳಿಸಲಿಲ್ಲ. ಕೂಗಿ ಹೇಳಿದೆ. 'ಅಣ್ಣನಾ! ಈಗ ಬಂದ್ರಾ?' ಅಂತ ಬೀದಿಗೆಲ್ಲ ಕೇಳಿಸುವ ಹಾಗೆ ಅಂದರು. ಪಾರ್ಸೆಲ್ ತಂದ ದಿನವೇ ನೀನು ಈ ಕೋಣೆ ನೋಡಿ ಹೋಗಿದ್ದೆಯಂತೆ, ಆಮೇಲೆ ಎರಡೂವರೆ ವರ್ಷ ಇಲ್ಲಿದ್ದೆಯಂತೆ. ನಿನಗೆ ಮಾತು ಬರದು, ಅವರಿಗೆ ಕಿವಿ ಕೇಳದು, ಒಂದು ದಿನವೂ ಜಗಳ ಆಗಲಿಲ್ಲವಂತೆ. ಮನೆಗೆ ಒಂದು ಕಾಗದ ಹಾಕು ಅಂತ ಅವರು ಎಷ್ಟು ಹೇಳಿದರೂ, 'ಯಾಕೆ, ಅಣ್ಣನಿಗೆ ಹೇಳೇ ಬಂದಿದೀನಲ್ಲ, ಅವನಿಗೆ ಗೊತ್ತು' ಅನ್ನುತ್ತಿದ್ದೆಯಂತೆ. ಆಮೇಲೆ ಒಂದು ಭಾನುವಾರ ಕಟ್ಟೆಗೆ ಹೋಗಲಿಲ್ಲವಂತೆ. ಅದರ ಮುಂದಿನ ವಾರ, ನೀವೇ ಕಟ್ಟಿದ ದೋಣಿಯೊಂದರ ಜೊತೆ ಕೆಲಸಕ್ಕೆ ಹೊರಟೆಯಂತೆ. ವರ್ಷಕ್ಕೋ ಎರಡು ವರ್ಷಕ್ಕೋ ದೋಣಿ ರಿಪೇರಿಗೆ ಬಂದಾಗ ಇವರನ್ನು ನೋಡಿ ಹೋಗುತ್ತೀಯಂತೆ. ಅದಕ್ಕೇ ಈ ಕಾಗದವನ್ನು ಇವರ ಕೈಗೆ ಕೊಟ್ಟು ಹೋಗುತ್ತಿದ್ದೇನೆ.

ಗೊತ್ತಿದ್ದೂ ಅಣ್ಣ ಬರಲಿಲ್ಲ ಅಂತ ನೀನು ಇಷ್ಟು ವರ್ಷ ನಂಬಿದ್ದೀಯ. ನನಗೆ ಗೊತ್ತಿರಲಿಲ್ಲ ಅನ್ನಲು ನನಗೂ ಆಗುವುದಿಲ್ಲ. ಪದ ಪದವೂ ನನ್ನೊಳಗೇ ಇತ್ತು. ಕಿವಿಗೆ ಬಿದ್ದಿತ್ತು, ನಾನು ಕೇಳಿಸಿಕೊಂಡಿರಲಿಲ್ಲ. ಇದಕ್ಕೆ ಕ್ಷಮೆ ಹೇಗೆ ಕೇಳುವುದು ಅಂತ ನನಗೆ ತಿಳಿಯದು. ಕಥೆಯನ್ನು ಯಾವ ಪತ್ರಿಕೆಗೂ ಕಳಿಸಿಲ್ಲ. ಅದು ನಿನ್ನದು, ಇದರ ಜೊತೆ ಇಟ್ಟಿದ್ದೇನೆ. ಕೊನೆಯ ಹಾಳೆಯನ್ನು ಹರಿದು ಹಾಕಿದ್ದೇನೆ. ಭಾನುವಾರದಿಂದ ಚಕ್ರದ ಮುಂದೆ ಕೂತರೆ ಏನೂ ಬರುತ್ತಿಲ್ಲ, ಬೆನ್ನ ಹಿಂದೆ ಯಾರೂ ಇಲ್ಲ. ಮೊದಲಿನ ಹೆದರಿಕೆಯೇ ವಾಸಿಯಿತ್ತು.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ. ಬಿಸಿ ನೀರು ಕುಡಿಯಬೇಕಂತೆ. ನಿನ್ನ ಜೊತೆ ಯಾರಾದರೂ ಇದ್ದರೆ, ಮಕ್ಕಳಿದ್ದರೆ, ಅವರಿಗೆಲ್ಲ ಅವಳ ಮುತ್ತು, ನನ್ನ ನೆನಪು.

ನಿನ್ನ
ಅಣ್ಣ

ತಾ.ಕ.: ಲಾಂಚು ಕೂಗಿತು, ಗೀಚುತ್ತಿದ್ದೇನೆ. ಮೇಲೆ ಒಂದು ಮಾತು ಬರೆಯಲಿಲ್ಲ, ಧೈರ್ಯ ಬರಲಿಲ್ಲ. ಇವತ್ತು ಬೆಳಿಗ್ಗೆ ಹೊರಡುವಾಗ ಅಮ್ಮ ಬಾಗಿಲಲ್ಲಿ ನಿಲ್ಲಿಸಿ ಹೇಳಿದಳು. ಅವತ್ತು ಕಥೆಯೆಲ್ಲ ಹೇಳಿ ಮುಗಿಸಿ, ಕಡೆಗೆ ನೀನು, 'ಅವನು ಹೋಗ್ಬೇಕಾ, ಬೇಡ್ವಾ ಅಣ್ಣ? ನೀನೇ ಹೇಳು' ಅಂದೆಯಂತೆ. ನಾನು ಬರೆಯುತ್ತಲೇ, ತಲೆ ಎತ್ತದೆ, 'ಹೋಗ್ಲಿ ಬಿಡು, ಚೆನ್ನಾಗಿರುತ್ತೆ' ಅಂದೆನಂತೆ. ನನಗೆ ಅದು ಎಳ್ಳಷ್ಟೂ ನೆನಪಿಲ್ಲ ಗುಬ್ಬಿ. ಅದು ನಿನಗೆ ಹೇಳಿದ್ದಲ್ಲ, ಯಾರಿಗೂ ಹೇಳಿದ್ದಲ್ಲ. ನೀನು ಕೇಳಿದ್ದು ನನಗೆ ಈಗ ಕೇಳಿಸಿದೆ. ಈಗ ಹೇಳುತ್ತಿದ್ದೇನೆ, ಬೇಡ. ಹೋಗಬೇಡ.