ನಡೆಯಬಲ್ಲವಳು

ಹಾಸನ
೧೭-೧೧-೨೦೨೪

ಪ್ರೀತಿಯ ತಂಗಿ ಶಾಂತಿಗೆ,

ಅಕ್ಕನ ಆಶೀರ್ವಾದ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನಗೆ ಕಿವಿ ಮಂದ, ನಾನು ಕೂಗಿ ಹೇಳಿದರೆ ಇಲ್ಲಿಯ ಹಜಾರಕ್ಕೆಲ್ಲ ಕೇಳಿಸುತ್ತದೆ. ಚನ್ನರಾಯಪಟ್ಟಣದಲ್ಲಿ ಚಳಿ ಹೇಗಿದೆ? ನಿನ್ನ ಸೊಂಟನೋವು?

ಈ ವೃದ್ಧಾಶ್ರಮಕ್ಕೆ ನಮ್ಮ ಧನ್ಯಾಳೇ ಈಗ ದೊಡ್ಡ ನರ್ಸ್. ಮಗಳ ಕಣ್ಣ ಮುಂದೆ ಇರೋಣವೆಂದೇ ನಾನು ಅರಕಲಗೂಡಿನ ಮನೆಗೆ ಬೀಗ ಹಾಕಿ ಇಲ್ಲಿಗೆ ಸೇರಿದ್ದು, ನಿನಗೆ ಗೊತ್ತು. ಮಳೆಗಾಲದಲ್ಲಿ ಅಗ್ನಿಶಾಮಕದವರು ಬಂದು, ಬೆಂಕಿ ಬಿದ್ದರೆ ಯಾರನ್ನು ಯಾರು ಹೊರಗೆ ತರಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಿ ಎಂದರು. ಧನ್ಯಾ ಎಲ್ಲರ ಮಂಚಕ್ಕೂ ಬಣ್ಣದ ಬಟ್ಟೆ ಕಟ್ಟಿದಳು. ನಡೆಯಬಲ್ಲವರಿಗೆ ಹಸಿರು, ಎತ್ತಿಕೊಂಡು ಹೋಗಬೇಕಾದವರಿಗೆ ಕೆಂಪು. ನನಗೆ ಹಸಿರು. ಪಕ್ಕದ ಮಂಚದಲ್ಲಿ ಹಳ್ಳಿಮೈಸೂರಿನ ಸುಬ್ಬಮ್ಮ ಇದ್ದಾಳೆ. ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿದೆ. ಅವಳಿಗೆ ಕೆಂಪು. "ಇವ್ರನ್ನ ನಾನೇ ನೋಡ್ಕತೀನಿ" ಅಂದಳು ಧನ್ಯಾ.

ಆಮೇಲೆ ಶುರುವಾಯಿತು ನೋಡು ಅಭ್ಯಾಸ. ಗಂಟೆ ಬಾರಿಸುವುದು, ನನ್ನ ಮಗಳು ಸುಬ್ಬಮ್ಮನನ್ನು ಎದೆಗವಚಿಕೊಂಡು ಅಂಗಳಕ್ಕೆ ಹೋಗುವುದು. ಆ ಹೆಂಗಸು ಎಳೆಗೂಸಿನ ಹಾಗೆ ಇವಳ ಕುತ್ತಿಗೆಗೆ ಜೋತುಬಿದ್ದು ನಗುತ್ತಿದ್ದಳು. ನಾನು ಹಿಂದೆ ಚಪ್ಪಲಿ ಎಳೆದುಕೊಂಡು ಹೋಗುತ್ತಿದ್ದೆ. ಅಂಥ ದಿನ ಊಟವೇ ಸೇರುತ್ತಿರಲಿಲ್ಲ ಕಣೇ.

ಹೋದ ಮಂಗಳವಾರ ಮಧ್ಯಾಹ್ನ ಅದು ನಿಜವೇ ಆಯಿತು. ಮೆಟ್ಟಿಲ ಕೆಳಗಿನ ಯುಪಿಎಸ್ ಬ್ಯಾಟರಿ ಹೊತ್ತಿಕೊಂಡು ಹಜಾರದ ತುಂಬ ಕಪ್ಪು ಹೊಗೆ. ಎಲ್ಲರೂ ಎದ್ದರು. ನಾನು ಮಂಚದ ಮೇಲೆ ಕುಳಿತೇ ಇದ್ದೆ. ಬೇಕೆಂದೇ.

"ನನ್ ಕೈಲಾಗಾಕಿಲ್ಲ ಕಣೇ, ಕಾಲು ಬತ್ತಿಲ್ಲ" ಅಂದೆ.

ಧನ್ಯಾ ಒಂದು ಕ್ಷಣ ನನ್ನನ್ನೇ ನೋಡಿದಳು. "ಬತ್ತದೆ ಕಣವ್ವ. ಗುಂಡಯ್ಯನೋರಿಗೆ ಕಣ್ಣು ಕಾಣಾಕಿಲ್ಲ, ಅವ್ರ ಕೈ ಹಿಡ್ಕಂಡು ಗೋಡೆ ಪಕ್ದಲ್ಲೇ ನಡಿ" ಅಂದವಳೇ ಸುಬ್ಬಮ್ಮನನ್ನು ಎತ್ತಿಕೊಂಡು ಹೋಗಿಯೇಬಿಟ್ಟಳು.

ಎದುರು ಮಂಚದ ಆ ಮುದುಕನ ಕೈ ತಡಕಿ ಹಿಡಿದು, ಕೆಮ್ಮುತ್ತಾ, ಬೈದುಕೊಳ್ಳುತ್ತಾ ಹೊರಗೆ ಬಂದೆ. ಯಾರಿಗೂ ಏನೂ ಆಗಲಿಲ್ಲ. ಹೊಂಗೆ ಮರದಡಿ ಧನ್ಯಾ ತಲೆ ಎಣಿಸುತ್ತಿದ್ದಳು. ನನ್ನ ಮುಂದೆ ಬಂದಾಗ "ಸುವರ್ಣಮ್ಮ, ಇದಾರೆ" ಎಂದು ಮುಂದಕ್ಕೆ ಹೋದಳು. ಇದಾರೆ ಅಂತೆ!

ಸುಬ್ಬಮ್ಮ ನನ್ನ ಸೆರಗು ಜಗ್ಗಿ, "ನಿನ್ ಮಗ್ಳು ಚಿನ್ನ ಕಣಕ್ಕ. ನಂಗೂ ಇಂತೋಳೊಬ್ಳು ಇರ್ಬೇಕಾಗಿತ್ತು" ಅಂದಳು.

"ಇನ್ನೇನಿರೋದು, ತಗಂಡ್ಬುಟ್ಟಿಯಲ್ಲ" ಅಂದೆ. ತಮಾಷೆ ಎಂದುಕೊಂಡು ನಕ್ಕಳು.

ಸಂಜೆ ಧನ್ಯಾ ಬಂದು ಬಾಗಿಲಲ್ಲೇ ನಿಂತು, "ನೀನು ನಡೀತೀಯ ಅನ್ನೋ ಧೈರ್ಯದ ಮೇಲೇ ಅವ್ರನ್ನ ಎತ್ಕಂಡೆ ಕಣವ್ವ" ಅಂದಳು. ಅವಳು ಮಾಡಿದ್ದು ಸರಿ. ಸರಿಯೆಂದು ಗೊತ್ತಿದ್ದೂ ಹೊಟ್ಟೆ ಉರಿಯುತ್ತದಲ್ಲ, ಅದಕ್ಕೇನು ಮಾಡಲಿ?

ನೀನು, ನಿನ್ನ ಯಜಮಾನರು, ಮೊಮ್ಮಗಳು ನಿಸರ್ಗ ಎಲ್ಲರೂ ತಣ್ಣಗೆ ಬಾಳಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಸುವರ್ಣಮ್ಮ

ತಾ.ಕ.: ಧನ್ಯಾ ನನ್ನನ್ನು ಕೊನೆಯದಾಗಿ ತಬ್ಬಿಕೊಂಡದ್ದು ಅವಳಪ್ಪ ಹೋದ ದಿನ. ಇಲ್ಲಿಗೆ ಬಂದ ಮೇಲೆ ಒಮ್ಮೆ ಜ್ವರ ಬಂದಿತ್ತು. ಹಣೆ ಮುಟ್ಟಿ ನೋಡುತ್ತಾಳೆಂದು ಕಣ್ಣು ಮುಚ್ಚಿಕೊಂಡು ಮಲಗಿದ್ದೆ. ಥರ್ಮಾಮೀಟರನ್ನು ನನ್ನ ಕೈಗೆ ಕೊಟ್ಟು, "ನೀನೇ ಇಟ್ಕೊಳವ್ವ, ನಿಂಗೆ ಬತ್ತದಲ್ಲ" ಅಂದಳು.