ನಾಲ್ಕು ಬೊಗಸೆ ಉಪ್ಪು

ಕರೆಕಲ್ಲು ದಿಣ್ಣೆ,
ಕನ್ನಡಿಹೊಲ ಕಣ್ಣು ಮುಚ್ಚಿದ ಎಪ್ಪತ್ತೆರಡನೆಯ ವರ್ಷ, ನವಣೆ ಕೊಯ್ಲಿನ ಒಂಬತ್ತನೆಯ ದಿನ.
ನಿಮ್ಮ ಲೆಕ್ಕಕ್ಕೆ ಎರಡು ಸಾವಿರದ ನೂರ ನಲವತ್ತೊಂಬತ್ತನೆಯ ಇಸವಿ.

ಮುತ್ತಾತ ಪಾಲಯ್ಯನಿಗೆ ಮರಿಮಗ ಗಾದ್ರಯ್ಯ ಬರೆಯುವುದು.

ಈ ತಾರೀಖು ನೋಡಿ ಯಾರೋ ಹುಚ್ಚ ಬರೆದಿದ್ದಾನೆ ಅಂದುಕೊಳ್ಳಬೇಡ. ನೀನಿರುವ ಕಾಲಕ್ಕೆ ನಾನು ಹುಟ್ಟಲು ಇನ್ನೂ ಎಪ್ಪತ್ತು ವರ್ಷ ಇದೆ. ನಿನಗೆ ಈಗ ಇಪ್ಪತ್ತು ತುಂಬಿರಬೇಕು, ನನ್ನ ಮಗಳಿಗಿಂತ ಚಿಕ್ಕವನು. ಆದರೂ ತಾತ ಎಂದೇ ಬರೆಯುತ್ತೇನೆ, ಬೇರೆ ಹೇಗೆ ಕರೆಯಬೇಕೋ ತಿಳಿಯದು. ನನ್ನ ಕೆಲವು ಮಾತು ನಿನಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸು. ನಾನು ಏಳನೆಯ ತರಗತಿಯವರೆಗೆ ಓದಿದವನು. ಆ ಓದಿನಿಂದ ಉಳಿದದ್ದು ಒಂದೇ ಅಭ್ಯಾಸ, ದಿನಕ್ಕೆ ನಾಲ್ಕು ಸಾಲು ಬರೆದಿಡುವುದು. ಕಾಗದ ಹಿಂದಕ್ಕೆ ಹೋಗುವುದಿಲ್ಲ ಎಂದು ನನಗೂ ಗೊತ್ತು. ಮುಂದೆ ಬರುವವರಿಗೆ ಬರೆಯಬಹುದಿತ್ತು, ಆದರೆ ಅವರು ಬರುತ್ತಾರೋ ಇಲ್ಲವೋ ಅನ್ನುವುದೇ ಈಗ ನನ್ನ ಚಿಂತೆ. ಇದೆಲ್ಲ ಶುರುವಾದದ್ದು ನಿನ್ನ ಊಟದ ಗಂಟಿನಿಂದ. ಅದಕ್ಕೆ ನಿನಗೇ ಬರೆಯುತ್ತಿದ್ದೇನೆ.

ನೀನು ಸೋಲಾರ್ ಪ್ಲೇಟು ತೊಳೆಯುವ ಆ ಬಯಲನ್ನು ನಾವು ಕನ್ನಡಿಹೊಲ ಅನ್ನುತ್ತೇವೆ. ಕರೆಂಟು ನಿಂತು ಎಪ್ಪತ್ತೆರಡು ವರ್ಷವಾಯಿತು. ಪ್ಲೇಟುಗಳು ಮಾತ್ರ ಹಾಗೇ ನಿಂತಿವೆ, ಸಾಲು ಸಾಲಾಗಿ, ಇನ್ನೂ ಯಾರೋ ಬಂದು ತೊಳೆಯುತ್ತಾರೆ ಎಂದು ಕಾದ ಹಾಗೆ. ಒಡೆಯದೆ ಉಳಿದವನ್ನು ಕಿತ್ತು ತಂದು ಮನೆಗೆ ಹೊದಿಸುತ್ತೇವೆ, ಮೇಲೆ ಮೆಣಸಿನಕಾಯಿ ಒಣಗಿಸುತ್ತೇವೆ, ಸತ್ತವರನ್ನೂ ಅದರ ಮೇಲೆಯೇ ಮಲಗಿಸಿ ಹೊರುತ್ತೇವೆ. ಮಳೆ ಬಿದ್ದರೆ ಪ್ಲೇಟಿನಿಂದ ಇಳಿಯುವ ನೀರನ್ನು ತಗಡಿನ ದೋಣಿಯಲ್ಲಿ ಹಿಡಿದು ತೊಟ್ಟಿಗೆ ಬಿಡುತ್ತೇವೆ. ಬೇಸಿಗೆಯಲ್ಲಿ ಹೊತ್ತು ಏರಿದ ಮೇಲೆ ಹೊರಗೆ ನಿಲ್ಲಲಾಗದು. ಆಗ ಊರೆಲ್ಲ ಕುಳಿಮನೆ ಸೇರುತ್ತದೆ. ಆಳೆತ್ತರ ನೆಲ ಅಗೆದು, ಮೇಲೆ ಪ್ಲೇಟು ಮುಚ್ಚಿ, ಅದರ ಮೇಲೆ ಮಣ್ಣು ಹಾಕಿದ ಮನೆ ಅದು. ಬೆಳಗಿನ ನಾಲ್ಕು ತಾಸು, ಸಂಜೆಯ ಎರಡು ತಾಸು, ಅಷ್ಟೇ ನಮ್ಮ ಹಗಲು. ನವಣೆ, ಸಜ್ಜೆ, ಕುರಿ, ಕಡವೆ ಮಾಂಸ. ಇಷ್ಟರಲ್ಲಿ ಬದುಕಿದ್ದೇವೆ, ಚೆನ್ನಾಗಿಯೇ ಬದುಕಿದ್ದೆವು.

ಕಡವೆ ಎಂದರೆ ನಿನಗೆ ದೂರದ ಕಾಡಿನ ಪ್ರಾಣಿ. ಈ ಕುರುಚಲು ಬಯಲಿನಲ್ಲಿ ಅದನ್ನು ಕಂಡವರಿಲ್ಲ. ಮೊದಲು ಕಾಣುವವನು ನೀನು. ಅಪ್ಪ ಚಿಕ್ಕವನಿದ್ದಾಗ ನಿನ್ನ ಬಾಯಿಂದಲೇ ಕೇಳಿದ್ದನಂತೆ. ಒಂದು ಬೆಳಿಗ್ಗೆ, ನೀನು ತೊಳೆದ ನೀರು ಪ್ಲೇಟಿನ ಅಂಚಿನಿಂದ ತೊಟ್ಟಿಕ್ಕುವ ಕಡೆ, ಎಮ್ಮೆಯಷ್ಟು ದೊಡ್ಡ ಗಂಡು ಕಡವೆಯೊಂದು ಕಬ್ಬಿಣದ ಕಂಬ ನೆಕ್ಕುತ್ತಾ ನಿಂತಿತ್ತು. ಪಕ್ಕೆಲುಬು ಎಣಿಸಬಹುದಾಗಿತ್ತು. ಅದರ ಗುಡ್ಡದ ನೀರು ಬತ್ತಿತ್ತೋ, ಗುಡ್ಡವೇ ಹೋಗಿತ್ತೋ. ನೀನು ಊಟದ ಗಂಟು ಬಿಚ್ಚಿ, ಮುದ್ದೆಯ ಪಕ್ಕ ಇದ್ದ ಉಪ್ಪನ್ನು ಅಂಗೈಯಲ್ಲಿ ಹಿಡಿದು ಅದರ ಮುಂದೆ ಚೆಲ್ಲಿದೆ. ಅದು ನೆಕ್ಕಿತು, ಮರುದಿನ ಮತ್ತೊಂದನ್ನು ಕರೆದುಕೊಂಡು ಬಂತು. ನಮ್ಮ ಮನೆಯಲ್ಲಿ ಇದನ್ನು ದೇವರ ಕಥೆ ಹೇಳುವ ಹಾಗೆ ಹೇಳುತ್ತಾರೆ. ನಾನೂ ನನ್ನ ಮಗಳಿಗೆ ಹಾಗೆಯೇ ಹೇಳಿದ್ದೆ.

ನಿನ್ನ ಮಗನ ಕಾಲಕ್ಕೆ ಹಿಂಡು ಹೆಚ್ಚಿತು. ಪ್ಲೇಟಿನ ನೆರಳಲ್ಲಿ ಹುಲ್ಲು ಒಣಗುವುದಿಲ್ಲ, ಹುಲಿಯೂ ಇಲ್ಲ, ಚಿರತೆಯೂ ಇಲ್ಲ. ಬೆಳೆ ಮೇಯತೊಡಗಿದಾಗ ಊರಿಗೆ ಬೇಟೆಚೀಟಿ ಸಿಕ್ಕಿತು, ಎಂದರೆ ವರ್ಷಕ್ಕೆ ಇಷ್ಟು ಹೊಡೆಯಬಹುದು ಎಂಬ ಅಪ್ಪಣೆ. ಆಗ ನಿನ್ನ ಆ ಮಗ, ಎಂದರೆ ನನ್ನ ತಾತ, ಒಂದು ಪದ್ಧತಿ ಹಾಕಿದ. ಕಡವೆ ಬಿದ್ದ ಜಾಗದಲ್ಲಿ ಮೊಣಕೈ ಆಳ ಗುಂಡಿ ತೋಡಿ ಒಂದು ಬೊಗಸೆ ಉಪ್ಪು ಹಾಕಿ ಮುಚ್ಚಬೇಕು. ಮುಚ್ಚುವಾಗ "ನಿನ್ನ ಉಪ್ಪು ನಿನಗೆ, ನಿನ್ನ ಮೈ ನಮಗೆ" ಎನ್ನಬೇಕು. ಉಪ್ಪು ಹಾಕದೆ ಚರ್ಮ ಸುಲಿಯುವಂತಿಲ್ಲ. ಹಾಕದವನ ಜೊತೆ ಯಾರೂ ಬೇಟೆಗೆ ಹೋಗುವುದಿಲ್ಲ. ನಾನು ಮೂವತ್ತೊಂದು ವರ್ಷ ಬೇಟೆಗಾರ. ಒಮ್ಮೆಯೂ ತಪ್ಪಿಸಿದವನಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಮುದಿ ಗಂಡು ಕಡವೆಗೆ ಗುಂಡು ಹಾರಿಸಿದೆ. ಗುರಿ ತಪ್ಪಿತು. ಗುಂಡು ಹೊಟ್ಟೆಗೆ ಬಿತ್ತು. ಗಾಯಮಾಡಿದವನೇ ಕೊನೆಯವರೆಗೂ ಹಿಂದೆ ಹೋಗಬೇಕು, ಅದು ಬೇಟೆಯ ನೇಮ. ಎರಡು ದಿನ ನಡೆದೆ. ಕನ್ನಡಿಹೊಲ ದಾಟಿ, ಜಾಲಿಹಳ್ಳ ದಾಟಿ, ಇದುವರೆಗೆ ಕಡವೆಯ ಹೆಜ್ಜೆ ಬೀಳದ ಬಿಳಿಗುಂಡಿನ ಬಯಲಿಗೆ ಹೋಗಿ ಅದು ಬಿತ್ತು. ನಾನು ಹತ್ತಿರ ಹೋದಾಗ ತಲೆ ಎತ್ತಲು ನೋಡಿತು. ಆ ಕಣ್ಣನ್ನು ಇಲ್ಲಿ ಬರೆಯಲಾರೆ. ಚೀಲದಲ್ಲಿದ್ದ ಉಪ್ಪನ್ನೆಲ್ಲ ಸುರಿದೆ, ನಾಲ್ಕು ಬೊಗಸೆ. ಒಂದು ಬೊಗಸೆಗೆ ತೀರುವ ತಪ್ಪಲ್ಲ ಅನ್ನಿಸಿತ್ತು.

ನನ್ನ ಹೆಂಡತಿ ತಿಪ್ಪಕ್ಕ ಅದನ್ನೇ ಹಿಡಿದು ವರ್ಷಗಟ್ಟಲೆ ಆಡಿಕೊಂಡಳು. "ಮನೆಯಾಗಿನ ಸಾರಿಗೆ ಉಪ್ಪು ಕಮ್ಮಿ, ಕಡವೆಗೆ ನಾಕು ಬೊಗಸೆ. ನಾನೂ ಕೊಂಬು ಬೆಳಸ್ಕಂಡು ಬರ್ತೀನಿ ತಡಿ, ಆವಾಗ್ಲಾದ್ರೂ ಕೊಟ್ಟೀಯ" ಅನ್ನುತ್ತಿದ್ದಳು. ಎರಡು ವರ್ಷದಲ್ಲಿ ಬಿಳಿಗುಂಡಿನಲ್ಲಿ ಹಿಂಡು ಕಾಣಿಸಿಕೊಂಡಿತು. ಕಡವೆಗಳು ಆ ಮಣ್ಣನ್ನು ನೆಕ್ಕಿ ನೆಕ್ಕಿ, ಗೊರಸಿನಿಂದ ಕೆದಕಿ ಕೆದಕಿ, ಒಂದು ಆಳು ಮಲಗುವಷ್ಟು ಕುಳಿ ಮಾಡಿದ್ದವು. ತಿಪ್ಪಕ್ಕನ ಕುರಿಗಳಿಗೂ ಆ ರುಚಿ ಹತ್ತಿತು. ಅವಳು ದಿನಾ ಅಲ್ಲಿಗೇ ಹೊಡೆದುಕೊಂಡು ಹೋಗಿ, ಕುಳಿಯ ದಂಡೆಯಲ್ಲಿ ಕೂತು ಕಂಬಳಿ ದಾರ ತೆಗೆಯುತ್ತಿದ್ದಳು. "ನಿನ್ನ ಉಪ್ಪಿಂದ ನನ್ನ ಕುರಿ ಕೊಬ್ಯಾವೆ ಕಣಯ್ಯ" ಎಂದು ಹೇಳಿ ನನ್ನನ್ನು ಹಿಗ್ಗಿಸಿದ್ದಳು.

ಕಳೆದ ಬೇಸಿಗೆಯಲ್ಲಿ ಉಣುಗು ಜ್ವರ ಬಂತು. ಕಡವೆಯ ರಕ್ತ ಹೀರಿ ಉದುರಿದ ಉಣುಗು ಹುಳ ಮಣ್ಣಿನಲ್ಲಿ ಕಾದಿದ್ದು, ಮನುಷ್ಯನನ್ನು ಕಚ್ಚಿದರೆ ಬರುವ ಜ್ವರ. ಕಚ್ಚಿದ ಎಂಟು ದಿನದೊಳಗೆ ಮೈ ಸುಡುತ್ತದೆ, ಕಣ್ಣು ಕೆಂಪಾಗುತ್ತದೆ, ಒಸಡಿನಲ್ಲಿ ರಕ್ತ. ಮೂರು ಊರಿನಲ್ಲಿ ಹದಿನಾಲ್ಕು ಜನ ಹೋದರು. ತಿಪ್ಪಕ್ಕ ಐದನೆಯವಳು. ನಮ್ಮ ಮನೆಯ ಬಾಗಿಲ ಮೇಲಿದ್ದ ಪ್ಲೇಟನ್ನೇ ಇಳಿಸಿ ಅವಳನ್ನು ಹೊತ್ತೆವು. ಈಗಲೂ ಅಲ್ಲಿ ಬಿಸಿಲು ಬೀಳುತ್ತದೆ. ಬೇರೆ ಪ್ಲೇಟು ಹಾಕಲು ಮನಸ್ಸಾಗಿಲ್ಲ.

ಆ ಮೇಲೆ ಕೆಲಸ ಮಾಡಲು ಕೈ ಏಳದೆ, ನನ್ನ ಹಳೆಯ ನೋಟುಪುಸ್ತಕಗಳನ್ನೆಲ್ಲ ತೆಗೆದು ಓದುತ್ತಾ ಕೂತೆ. ಅವಳ ಹೆಸರು ಎಲ್ಲೆಲ್ಲಿದೆ ಎಂದು ನೋಡುವುದಕ್ಕೆ, ಅಷ್ಟೇ. ಆದರೆ ಹೆಸರಿನ ಜೊತೆ ಬೇರೆಯದೂ ಕಂಡಿತು. ಜಾಲಿಹಳ್ಳದಲ್ಲಿ ಉಪ್ಪು ಹಾಕಿದೆ ಎಂದು ಒಂದು ಪುಸ್ತಕ, ಜಾಲಿಹಳ್ಳದಲ್ಲಿ ಹೊಸ ಹಿಂಡು ಎಂದು ಎರಡು ವರ್ಷದ ಮೇಲಿನ ಪುಸ್ತಕ. ತೋಳಗುಂಡು, ಹಾಗೆಯೇ. ಕೆಮ್ಮಣ್ಣು ದಿಬ್ಬ, ಹಾಗೆಯೇ. ಎಲ್ಲ ಕಡೆಯೂ ಮೊದಲು ಉಪ್ಪು, ಆಮೇಲೆ ಹಿಂಡು. ಕಡವೆಗಳು ತಾವಾಗಿ ಹಬ್ಬಿದವು ಎಂದು ನಾವು ದೂರುತ್ತಿದ್ದೆವು. ಗಾಯಗೊಂಡ ಪ್ರಾಣಿ ಓಡಿದಷ್ಟು ದೂರ ಹಿಂದೆ ಹೋಗಿ, ಅಲ್ಲಿ ಉಪ್ಪು ಹೂತು, ಉಳಿದವಕ್ಕೆ ದಾರಿ ತೋರಿಸಿದವರು ನಾವು. ಬಿದ್ದ ಕಡವೆಯ ಕ್ಷಮೆ ಕೇಳುತ್ತಿದ್ದೇವೆ ಎಂದುಕೊಂಡೆವು. ಸತ್ತದ್ದು ಉಪ್ಪು ತಿನ್ನುವುದಿಲ್ಲ. ತಿನ್ನುವುದು ಬದುಕಿರುವುದು, ನಾಳೆ ನಮ್ಮ ಕೋವಿಯ ಮುಂದೆ ಬಂದು ನಿಲ್ಲುವುದು. ಮೂರು ತಲೆಮಾರು ಇದು ನಮಗೆ ಗೊತ್ತಿರಲಿಲ್ಲ ಎಂದರೆ ನಾನೇ ನಂಬಲಾರೆ. ಬೇಟೆ ಮನೆ ಬಾಗಿಲಿಗೆ ಬರುತ್ತಿತ್ತು, ಮನಸ್ಸೂ ಹಗುರವಾಗುತ್ತಿತ್ತು. ಯಾರು ಕೇಳಲು ಹೋದಾರು?

ಬಿಳಿಗುಂಡಿನ ಪುಟ ಕೊನೆಗೆ ಬಂತು. ನನ್ನದೇ ಕೈಬರಹ. ನಾಲ್ಕು ಬೊಗಸೆ ಎಂಬುದರ ಕೆಳಗೆ ಗೆರೆ ಎಳೆದಿದ್ದೆ, ಹೆಮ್ಮೆಯಿಂದ.

ಕಡವೆಗಳನ್ನು ಪೂರ್ತಿ ಹೊಡೆದುಹಾಕಬೇಕು ಎಂದು ಊರು ಸೇರಿ ತೀರ್ಮಾನ ಮಾಡಿದಾಗ ಪುಸ್ತಕಗಳನ್ನು ಹೊತ್ತುಕೊಂಡು ಹೋದೆ. ಯಜಮಾನ ಮಲ್ಲೂರಪ್ಪನ ಕುಳಿಮನೆಯಲ್ಲಿ ಎಲ್ಲರ ಮುಂದೆ ಓದಿದೆ. ಹೊಡೆಯುವುದಾದರೆ ಹೊಡೆಯಿರಿ, ಉಪ್ಪು ಮಾತ್ರ ಹಾಕಬೇಡಿ, ಹಳೆಯ ಕುಳಿಗಳಿಗೆ ಬೇಲಿ ಕಟ್ಟಿ ಎಂದೆ. ಮಲ್ಲೂರಪ್ಪ ನಗುತ್ತಾ, "ಹೆಂಡ್ತಿ ಹೋದ ದುಃಖಕ್ಕೆ ಉಪ್ಪಿನ ಮ್ಯಾಲೆ ಹಗೇನಾ ಗಾದ್ರಿ? ಉಣ್ಣದ್ರಾಗೂ ಬಿಟ್ಟೀಯೇನು?" ಎಂದ. ಎಲ್ಲರೂ ನಕ್ಕರು. ಹಿಂದಿನಿಂದ ಒಬ್ಬ ಮುದುಕಿ, "ನಿಮ್ಮ ಮನೆಯೋರು ಹಾಕಿದ ಪದ್ಧತಿ ಕಣಪ್ಪ, ನೀನೇ ಕಿತ್ತಾಕ್ತೀಯಾ? ನಿಮ್ಮ ಮುತ್ತಾತ ಏನಂದ್ಕಂಡಾನು?" ಎಂದಳು. ನಾನು ಪುಸ್ತಕ ಮುಚ್ಚಿದೆ. ಒಂದೊಂದಕ್ಕೂ ತಪ್ಪದೆ ಉಪ್ಪು ಹಾಕಿಯೇ ಎಲ್ಲವನ್ನೂ ಕೊಲ್ಲುವುದು ಎಂದಾಯಿತು. ಕೊಲ್ಲುತ್ತಿದ್ದೇವೆ. ಒಂದು ಕಡೆ ಹತ್ತು ಬೀಳುತ್ತವೆ. ಅಷ್ಟು ಉಪ್ಪು ಅಲ್ಲಿ ಬೀಳುತ್ತದೆ. ಮುಂದಿನ ವರ್ಷ ದೂರದ ಯಾವುದೋ ಹಿಂಡು ಅದನ್ನು ಹುಡುಕಿಕೊಂಡು ಬರುತ್ತದೆ.

ತಿಪ್ಪಕ್ಕನ ಕುರಿಗಳನ್ನು ಈಗ ಮಗಳು ಪಾಪಕ್ಕ ಮೇಯಿಸುತ್ತಾಳೆ. ಬಿಳಿಗುಂಡಿಗೆ ಹೋಗಬೇಡ ಎಂದು ನೂರು ಸಲ ಹೇಳಿದ್ದೆ. ಕುರಿ ತಾವೇ ಹೋಗುತ್ತವೆ, ಅವಳು ಹಿಂದೆ ಹೋಗುತ್ತಾಳೆ. ಅಲ್ಲಿ ಅವ್ವ ಕೂರುತ್ತಿದ್ದ ಕಲ್ಲು ಇದೆ. ಐದು ದಿನದ ಹಿಂದೆ ಮನೆಗೆ ಬಂದು, ಹಿಮ್ಮಡಿಯ ಮೇಲಿಂದ ಉಣುಗೊಂದನ್ನು ಕಿತ್ತು ಕಲ್ಲಿನ ಮೇಲೆ ಒರೆಸಿ, "ಒಂದೇ ಅಪ್ಪ, ಹಂಗ್ಯಾಕೆ ನೋಡ್ತೀಯ?" ಎಂದಳು. ಆವತ್ತಿನಿಂದ ಅವಳು ಮಲಗಿದಾಗಲೆಲ್ಲ ಹಣೆ ಮುಟ್ಟಿ ನೋಡುತ್ತೇನೆ.

ಇಂದು ಬೆಳಿಗ್ಗೆ ಬಿಳಿಗುಂಡಿನ ಕೊನೆಯ ಕಡವೆಯನ್ನು ನಾನೇ ಹೊಡೆದೆ. ಹೆಣ್ಣು, ಒಂಟಿ. ಕುಳಿಯೊಳಗೆ ಮುಂಗಾಲೂರಿ ನೆಕ್ಕುತ್ತಿತ್ತು. ಕೋವಿ ಎತ್ತಿದರೂ ಓಡಲಿಲ್ಲ, ಮನುಷ್ಯ ಎಂದರೆ ಉಪ್ಪು ತರುವವನು ಎಂದೇ ಅದಕ್ಕೆ ಗೊತ್ತು. ಒಂದೇ ಗುಂಡಿಗೆ ಬಿತ್ತು. ಸದ್ದು ಕೇಳಿ ಕುರಿ ಬಿಟ್ಟು ಓಡಿಬಂದ ಪಾಪಕ್ಕ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಉಪ್ಪನ್ನು ಚಾಚಿದಳು. ನಾನು ಮನೆಯಲ್ಲೇ ಬಿಟ್ಟು ಬಂದಿದ್ದನ್ನು ಅವಳು ನೋಡಿದ್ದಳು. ಹಾಕುವುದಿಲ್ಲ ಎಂದೆ. "ಅವ್ವ ಕುಂತಿದ್ದ ಜಾಗ ಇದು. ಇಲ್ಲಿ ಉಪ್ಪು ಹಾಕ್ದೆ ಬರ್ತೀಯಾ? ನಿನಗೇನು ಎದೆಯಾಗೆ ಕಲ್ಲೈತಾ?" ಎಂದು ಅತ್ತಳು. ಅವಳ ಕೈಯಿಂದ ಉಪ್ಪು ಕಸಿದುಕೊಂಡೆ. ಜೀವನದಲ್ಲಿ ಮೊದಲ ಸಲ ಮಗಳ ಕೈ ತಿರುಚಿದೆ. ಕುಳಿಗೆ ಕಲ್ಲು ತುಂಬಿದೆ, ಬಿಸಿಲು ಏರುವವರೆಗೂ. ಅವಳು ದೂರ ಕೂತು ನೋಡಿದಳೇ ಹೊರತು ಒಂದು ಕಲ್ಲನ್ನೂ ಎತ್ತಿಕೊಡಲಿಲ್ಲ.

ಮನೆಗೆ ಬಂದು ಆ ಉಪ್ಪನ್ನು ಸಾರಿಗೆ ಹಾಕಿದೆ. ಇಬ್ಬರೂ ಉಂಡೆವು. ಕೊನೆಯ ತುತ್ತಿಗೆ ಅವಳು, "ಉಪ್ಪು ಜಾಸ್ತಿ ಆಗೈತೆ. ಅವ್ವ ಇದ್ದಿದ್ರೆ ಉಗೀತಿದ್ಲು" ಎಂದಳು. ಈಗ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ಹೊರಗೆ ಸುಡುವ ಮಧ್ಯಾಹ್ನ. ಬಾಗಿಲ ಮೇಲಿನ ಖಾಲಿ ಜಾಗದಿಂದ ಬೀಳುವ ಬೆಳಕಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ನಾಳೆಯಿಂದ ನನ್ನ ಜೊತೆ ಯಾರೂ ಬೇಟೆಗೆ ಬರುವುದಿಲ್ಲ. ಅದು ಇರಲಿ.

ತಾತ, ಆ ಬೆಳಿಗ್ಗೆ ಬರುತ್ತದೆ. ಅದು ಪ್ಲೇಟಿನ ನೆರಳಲ್ಲಿ ನಿಂತು ನಿನ್ನನ್ನು ನೋಡುತ್ತದೆ. ಪಕ್ಕೆಲುಬು ಕಾಣುತ್ತದೆ. ನಿನಗೆ ಅಯ್ಯೋ ಅನ್ನಿಸುತ್ತದೆ, ಅನ್ನಿಸಲಿ. ಗದರಿಸಿ ಓಡಿಸು. ಅದು ನಾಲ್ಕು ದಿನ ಅಲೆದು ತನ್ನ ಗುಡ್ಡಕ್ಕೆ ಹಿಂದಿರುಗಬಹುದು, ಇಲ್ಲವೆ ಯಾವುದೋ ಬಂಡೆಯ ಬುಡದಲ್ಲಿ ಸಾಯಬಹುದು. ನಾನು ಕ್ರೂರಿ ಎಂದುಕೊಂಡರೂ ಸರಿ. ಆ ಮಾಂಸ ತಿಂದು ಬೆಳೆದ ಮೈ ನನ್ನದು. ಅದಿಲ್ಲದಿದ್ದರೆ ನಾವ್ಯಾರೂ ಈ ಬಯಲಲ್ಲಿ ಉಳಿಯುತ್ತಿರಲಿಲ್ಲವೇನೋ, ನಾನು ಹುಟ್ಟುತ್ತಲೂ ಇರಲಿಲ್ಲವೇನೋ. ಅದನ್ನೂ ಯೋಚಿಸಿಯೇ ಕೇಳುತ್ತಿದ್ದೇನೆ. ಆ ಉಪ್ಪು ನಿನ್ನ ಮುದ್ದೆಗೆ ಕಟ್ಟಿಕೊಟ್ಟದ್ದು, ನೀನೇ ಉಣ್ಣು.

ಈಗ ಎದ್ದು ಹೋಗಿ ಅವಳ ಹಣೆ ಮುಟ್ಟಿ ಬಂದೆ. ತಣ್ಣಗಿದೆ. ಇನ್ನು ಮೂರು ದಿನ.

ಗಂಟು ಬಿಚ್ಚಬೇಡ, ತಾತ.