ದನಿ ಇರುವಷ್ಟು ದಿನ

ಮಾರ್ಚ್ 2, ಸೋಮವಾರ

ಸ್ಕೂಲ್ ಯೂನಿಫಾರಂಗಳಿಗೆ ಗುಂಡಿ ಹಾಕುತ್ತಾ ಕೂತಿದ್ದೆ. ಅಣ್ಣ ನನ್ನ ಹೊಲಿಗೆ ಅಂಗಡಿಗೇ ಬಂದ. ಸ್ಟೂಲ್ ಎಳೆದುಕೊಂಡ. ಡಾಕ್ಟರು ಇವತ್ತು ಖಡಾಖಂಡಿತವಾಗಿ ಹೇಳಿದರಂತೆ — ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು. ಜೀವ ಉಳಿಯಬಹುದು. ದನಿ ಉಳಿಯುವುದಿಲ್ಲ. ಆಪರೇಷನ್ ಹದಿನೇಳಕ್ಕೆ.

"ಚರ್ಚಿನ ಕ್ವಾಯರಿನ ಹಾಡುಗಾರರು ಇನ್ನು ನೆಮ್ಮದಿಯಾಗಿರ್ತಾರೆ ಬಿಡು," ಅಂದ. ನಾನು ನಗಲಿಲ್ಲ. ಅವನೂ.

ಮಾರ್ಚ್ 3

ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಹಳೆಯ ಅಡುಗೆಮನೆಯೇ ಕಣ್ಣ ಮುಂದೆ. ಅಪ್ಪ ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕಿ ನಮ್ಮಿಬ್ಬರಿಗೂ ಸ್ತೋತ್ರಗೀತೆ ಕಲಿಸುತ್ತಿದ್ದರು. ಅಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಅಣ್ಣ ಹಾಡಿದರೆ ಪಕ್ಕದ ಮನೆಯ ಅಜ್ಜಿ ಕಿಟಕಿ ತೆರೆಯುತ್ತಿದ್ದಳು. ನಾನು ಹಾಡಿದರೆ ಮುಚ್ಚುತ್ತಿದ್ದಳು. ಎಂಥಾ ದನಿ ಅದು... ಕೇಳುತ್ತಿದ್ದರೆ ಮೈ ಜುಮ್ಮೆನ್ನುತ್ತಿತ್ತು.

ಮುಂದೆ ಅವನೇ ಚರ್ಚಿನ ಕ್ವಾಯರ್ ಮಾಸ್ಟರ್ ಆದ. ಎಲ್ಲರೂ ತಲೆ ಮೇಲೆ ಹೊತ್ತುಕೊಂಡರು. ಅವನ ತಲೆ ನಿಲ್ಲದಾಯಿತು.

ಮಾರ್ಚ್ 6

ಈಗ ಗೊತ್ತಾಯಿತು. ಹೋದ ಭಾನುವಾರ ಚರ್ಚಿನಲ್ಲಿ ಅಣ್ಣ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡೇ ಇಲ್ಲ. ಯಾಕೋ ಅಂದರೆ, ಒಬ್ಬರ ಮನಸ್ಸು ನೋಯಿಸಿಟ್ಟು ಅದನ್ನು ಹೇಗೆ ಮುಟ್ಟಲಿ ಅಂತ ನಮ್ಮ ಚರ್ಚಿನ ಬಡಗಿಯ ಹೆಸರೆತ್ತಿದ.

ಮರೆತೇ ಬಿಟ್ಟಿದ್ದೆ. ಅಣ್ಣ ಮಾಸ್ಟರ್ ಆದ ಹೊಸತು, ಬಡಗಿಗೂ ಆಗ ಹರೆಯ. ಆಸೆಪಟ್ಟು ಕ್ವಾಯರ್ ಸೇರಿದ್ದರು. ಒರಟು ದನಿ. ಒಂದು ದಿನ ಪ್ರಾಕ್ಟೀಸ್ ಮಧ್ಯೆ ಅಣ್ಣ ಎಲ್ಲರ ಎದುರೇ, ಮರ ಕೊಯ್ಯುವುದಾದರೆ ಹೊರಗೆ ಹೋಗಿ ಕೊಯ್ಯಿ ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ಮನುಷ್ಯ ಪುಸ್ತಕ ಮಡಚಿಟ್ಟು ಹೋದರು. ಈಗಲೂ ತಪ್ಪದೆ ಚರ್ಚಿಗೆ ಬರುತ್ತಾರೆ. ಹಾಡಿನ ಹೊತ್ತಿಗೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರೆ.

ಮಾರ್ಚ್ 7, ಸಂಜೆ

ಅಣ್ಣನ ಜೊತೆ ಬಡಗಿಯ ಶೆಡ್ಡಿಗೆ ಹೋಗಿದ್ದೆ. ಕಾಲಡಿ ಮರದ ಪುಡಿ, ಗೋಡೆಗೆ ಒರಗಿಸಿದ ಬಾಗಿಲುಗಳು. ಬಡಗಿ ಅಣ್ಣನಿಗೆ ಕೂರಲು ಹೇಳಿದರು. ಕೂರಲಿಲ್ಲ.

"ಅವತ್ತು ಎಲ್ಲರ ಮುಂದೆ ನಿನ್ನ ಮರ್ಯಾದೆ ತೆಗೆದೆ. ತಪ್ಪಾಯ್ತು. ದನಿ ಇರುವಾಗಲೇ ಹೇಳ್ಬೇಕು ಅಂತ ಬಂದೆ."

ಬಡಗಿ ಉಜ್ಜುಕಾಗದ ಕೆಳಗಿಟ್ಟರು. ಕೈಗೆ ಅಂಟಿದ ಪುಡಿ ಕೊಡವಿದರು. ಆಮೇಲೆ ಅಂದರು: "ನನ್ನ ಮಗಳು ಚಿಕ್ಕೋಳಿದ್ದಾಗ ಹಾಡು ಅಪ್ಪ ಅಂತ ಕಾಡ್ತಿದ್ಲು. ಅವಳಿಗೋಸ್ಕರಾನೂ ಹಾಡೋಕಾಗ್ಲಿಲ್ಲ ನನಗೆ. ಬಾಯಿ ತೆಗೆದ್ರೆ ನೀವೆಲ್ಲ ನಕ್ಕಿದ್ದು ಕೇಳಿಸೋದು." ಇವತ್ತು ಹೋಗಿ, ಏನು ಹೇಳಬೇಕೋ ತಿಳಿಯುತ್ತಿಲ್ಲ ಅಂದರು.

ದಾರಿಯುದ್ದಕ್ಕೂ ನನಗೆ ಸಿಟ್ಟು. ಸಾಯೋ ಬದುಕೋ ಅಂತಿರುವವನನ್ನು ಹೀಗೆ ಕಳಿಸುವುದೇ? ಅಣ್ಣ ತಡೆದ.

"ಅವನು ಕ್ಷಮಿಸಲೇಬೇಕು ಅಂತ ಹಟ ಹಿಡಿದ್ರೆ, ಅದೂ ನನ್ನ ಹಳೇ ಅಹಂಕಾರಾನೇ ಅಲ್ವೇನೇ ಪುಟ್ಟಿ?"

ನನಗೆ ಮೊಮ್ಮಕ್ಕಳಿದ್ದಾರೆ. ಅವನಿಗೆ ಮಾತ್ರ ಇನ್ನೂ ಪುಟ್ಟಿ. ಇನ್ನು ಯಾರು ಹಾಗೆ ಕರೆಯುತ್ತಾರೆ...

ಮಾರ್ಚ್ 15, ಭಾನುವಾರ

ಅಣ್ಣ ಕ್ವಾಯರಿನ ಕಡೆ ಹೋಗಲಿಲ್ಲ. ಕೊನೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತ. ಹಾಡಿದ — ಯಾರ ದನಿಯನ್ನೂ ಮುಚ್ಚದ ಹಾಗೆ, ಮೆಲ್ಲಗೆ. ಅವನು ಹಾಗೆ ಹಾಡಿದ್ದನ್ನು ಜೀವಮಾನದಲ್ಲಿ ಕೇಳಿರಲಿಲ್ಲ. ನನಗೆ ಪುಸ್ತಕದ ಅಕ್ಷರ ಮಂಜಾಯಿತು.

ಕರ್ತನ ಭೋಜನಕ್ಕೆ ಕರೆದಾಗ ಎಲ್ಲರೂ ಎದ್ದರು. ಅವನು ತಲೆ ತಗ್ಗಿಸಿ ಕೂತೇ ಇದ್ದ. ಸಾಲಿನಲ್ಲಿದ್ದ ಬಡಗಿ ತಿರುಗಿ ನೋಡಿದರು. ಸಾಲು ಬಿಟ್ಟು ನಮ್ಮ ಬೆಂಚಿನ ಹತ್ತಿರ ಬಂದರು.

"ನನಗಿನ್ನೂ ಪೂರ್ತಿ ಮನಸ್ಸು ಬಂದಿಲ್ಲ. ಆದ್ರೂ ಏಳಿ. ಅಲ್ಲಿ ಇಬ್ಬರೂ ಮಂಡಿ ಊರೋದೇ ತಾನೇ?"

ಪೀಠದ ಮುಂದೆ ಪಕ್ಕಪಕ್ಕ ಮಂಡಿಯೂರಿದರು. ಏಳುವಾಗ ಅಣ್ಣ ತಡವರಿಸಿದ. ಬಡಗಿ ತೋಳು ಹಿಡಿದು ಎಬ್ಬಿಸಿದರು.

ಮಾರ್ಚ್ 17, ಆಸ್ಪತ್ರೆ

ಬೆಳಿಗ್ಗೆ ಒಳಗೆ ಕರೆದೊಯ್ಯುವ ಮುಂಚೆ ಅಣ್ಣ ನನ್ನ ಕೈ ಹಿಡಿದು ಪ್ರಾರ್ಥಿಸಿದ. ಮೊದಲಾದರೆ ಅವನ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಮಕ್ಕಳಿಗೆ ತೂಕಡಿಕೆ. ಇವತ್ತು ಇಷ್ಟೇ: "ಕರ್ತನೇ, ನಿನಗೆ ತೋರಿಸೋಕೆ ನನ್ನ ಹತ್ರ ಏನೂ ಇಲ್ಲ. ಬರಿಗೈಲಿ ಬಂದಿದ್ದೀನಿ. ಕರುಣೆ ಇಡು."

ಆ ದನಿಯಲ್ಲಿ ನಾನು ಕೇಳಿದ ಕೊನೆಯ ಮಾತು ಅದು. ಮುಖ ಮಾತ್ರ ತಿಳಿಯಾಗಿತ್ತು.

ಮಧ್ಯಾಹ್ನ ಬಡಗಿ ಬಂದರು. ಯಾರೂ ಹೇಳಿಕಳಿಸಿರಲಿಲ್ಲ. ತೋಳಿನ ಮೇಲೆ ಮರದ ಪುಡಿ ಹಾಗೇ ಇತ್ತು. ಕಾರಿಡಾರಿನಲ್ಲಿ ನನ್ನ ಪಕ್ಕ ಕೂತಿದ್ದಾರೆ. ಗಡ್ಡೆ ಪೂರ್ತಿ ತೆಗೆದಿದ್ದೇವೆ, ರಿಪೋರ್ಟ್ ಬರಲಿ ಅಂತ ಡಾಕ್ಟರು ಹೇಳಿಹೋದರು. ಬಡಗಿ ಕಣ್ಣು ಮುಚ್ಚಿಕೊಂಡು ಏನೋ ಗುನುಗಿದರು — ಪ್ರಾರ್ಥನೆಯೋ, ಹಾಡೋ. ಏನೆಂದು ಕೇಳುವ ಧೈರ್ಯ ಬರಲಿಲ್ಲ.

ನರ್ಸ್ ಕರೆಯುತ್ತಿದ್ದಾರೆ. ಅಣ್ಣ ಕಣ್ಣು ಬಿಟ್ಟನಂತೆ. ಬಡಗಿ ಆಗಲೇ ಎದ್ದು ನಿಂತಿದ್ದಾರೆ. ನಾನು —